ಮುಂಬೈಯಿಂದ ವಾರಾಂತ್ಯದ ಕ್ರೂಸ್: ದೊಡ್ಡ ಹಡಗು ಹತ್ತುವ ಮುನ್ನ, ಹತ್ತಿದ ಮೇಲೆ

ಜಾಹೀರಾತಿನಲ್ಲಿ ‘2 ರಾತ್ರಿ, 3 ಹಗಲು’ ಎಂದಿರುತ್ತದೆ. ಗಡಿಯಾರ ಹಿಡಿದು ಲೆಕ್ಕ ಹಾಕಿದರೆ ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ಹೆಚ್ಚುಕಮ್ಮಿ 40 ಗಂಟೆ. ಅದರಲ್ಲಿ ನಿದ್ದೆಗೆ 14, ಸಾಲಿನಲ್ಲಿ ನಿಲ್ಲುವುದಕ್ಕೆ ಎರಡು-ಮೂರು ಗಂಟೆ ಕಳೆಯಿರಿ. ಉಳಿಯುವುದು ಒಂದು ದಿನಕ್ಕಿಂತ ಕೊಂಚ ಕಡಿಮೆ. ವಾರಗಟ್ಟಲೆಯ ಪ್ರಯಾಣದಲ್ಲಿ ಮೊದಲ ಸಂಜೆ ಹಾಳಾದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ, ಹತ್ತಿದ ಮೊದಲ ನಾಲ್ಕು ಗಂಟೆ ಹೇಗೆ ಹೋಯಿತು ಎನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿರುತ್ತದೆ.

ಮುಂಬೈಯಿಂದ ಇಂಥ ಪ್ರಯಾಣಗಳನ್ನು 2021ರ ಸೆಪ್ಟೆಂಬರಿನಿಂದ ನಡೆಸುತ್ತಿರುವುದು ಕಾರ್ಡೆಲಿಯಾ ಕ್ರೂಸಸ್. ಅದರ ಹಡಗು ‘ಎಂಪ್ರೆಸ್’ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು. 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಬಂದಾಗಲೇ ಅದರ ಕೆಲಸ ಫ್ಲಾರಿಡಾದಿಂದ ಮೂರು-ನಾಲ್ಕು ರಾತ್ರಿಯ ಚಿಕ್ಕ ಪ್ರಯಾಣ. ಉದ್ದ ಸುಮಾರು 211 ಮೀಟರ್, ಗಾತ್ರ 48,563 ಗ್ರಾಸ್ ಟನ್. ಗ್ರಾಸ್ ಟನ್ ಎಂದರೆ ತೂಕವಲ್ಲ, ಒಳಗಿನ ಜಾಗದ ಅಳತೆ. ಈಗಿನ ದೈತ್ಯ ‘ಐಕಾನ್ ಆಫ್ ದ ಸೀಸ್’ ಇದರ ಐದು ಪಟ್ಟು ಇದೆ. ಯೂಟ್ಯೂಬಿನಲ್ಲಿ ಆ ಹಡಗಿನ ವಿಡಿಯೊ ನೋಡಿ ಈ ಹಡಗು ಹತ್ತಿದರೆ ಬೇಸರವಾಗುತ್ತದೆ. ಕೊಠಡಿಗಳು ಚಿಕ್ಕವು ಎಂದು ದೂರುವವರು ಬಹಳ. ಮೂರು-ನಾಲ್ಕು ರಾತ್ರಿ ಮಲಗೆದ್ದು ಹೋಗುವವರಿಗೆಂದೇ ಕಟ್ಟಿದ ಹಡಗಿನಲ್ಲಿ ಬೇರೇನು ನಿರೀಕ್ಷೆ?

ಕೊಠಡಿ ಆರಿಸುವುದು

ಕಿಟಕಿಯಿಲ್ಲದ ಒಳಕೊಠಡಿ, ತೆರೆಯಲಾಗದ ಗಾಜಿನ ಕಿಟಕಿಯ ಕೊಠಡಿ, ಬಾಲ್ಕನಿಯ ಕೊಠಡಿ, ಸ್ವೀಟ್ (ದೊಡ್ಡ ಐಷಾರಾಮಿ ಕೊಠಡಿ): ದರ ಏರುವುದು ಈ ಕ್ರಮದಲ್ಲಿ. ಮೊದಲೆರಡು ಬಗೆಯಲ್ಲಿ ಹಾಸಿಗೆ, ಕನ್ನಡಿ ಮೇಜು, ಬಚ್ಚಲು ಎಲ್ಲ ಸೇರಿ ಸುಮಾರು 120 ಚದರ ಅಡಿ. ಇಬ್ಬರಿಗೆ ಸಾಕು. ಮೂರನೆಯವರಿಗೆ, ನಾಲ್ಕನೆಯವರಿಗೆ ಗೋಡೆಯಿಂದ ಇಳಿಸುವ ಮೇಲ್ಬರ್ತ್ ಇರುತ್ತದೆ. ಸ್ಲೀಪರ್ ಕೋಚಿನಂತೆ ಏಣಿ ಹತ್ತಬೇಕು. ಅಜ್ಜ ಅಜ್ಜಿ ಜೊತೆಗಿದ್ದರೆ ನಾಲ್ವರನ್ನು ಒಂದರಲ್ಲಿ ತುರುಕದೆ ಅಕ್ಕಪಕ್ಕದ ಎರಡು ಒಳಕೊಠಡಿ ತೆಗೆದುಕೊಳ್ಳಿ. ಬಚ್ಚಲಿಗೆ ಸಾಲು ನಿಲ್ಲುವುದೂ ತಪ್ಪುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಎರಡು ರಾತ್ರಿಗೆ ಬಾಲ್ಕನಿಯ ಹೆಚ್ಚುವರಿ ಹಣ ದಂಡ. ಕಡಲು ನೋಡಲು ಮೇಲಿನ ಡೆಕ್ (ಹಡಗಿನ ಮಹಡಿ) ಇದ್ದೇ ಇದೆ. ಆ ಹಣವನ್ನು ಒಳ್ಳೆಯ ಕಡೆ ಇರುವ ಕೊಠಡಿಗೆ ಹಾಕಿ: ಬುಕಿಂಗ್ ಮಾಡುವಾಗ ಡೆಕ್‌ಗಳ ನಕ್ಷೆ ತೆರೆದು, ನಿಮ್ಮ ಕೊಠಡಿಯ ನೇರ ಮೇಲೆ ಮತ್ತು ನೇರ ಕೆಳಗೆ ಏನಿದೆ ಎಂದು ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೊ ಇದ್ದರೆ ನಡುರಾತ್ರಿಯವರೆಗೆ ಬಾಸ್ ಹೊಡೆತ. ಹಡಗಿನ ಮೂತಿಯಲ್ಲಿ ಲಂಗರಿನ ಸರಪಳಿ ಮತ್ತು ದಡ ಹಿಡಿಯುವಾಗ ಹಡಗನ್ನು ಪಕ್ಕಕ್ಕೆ ತಳ್ಳಲು ತಿರುಗುವ ಥ್ರಸ್ಟರ್‌ಗಳ ಗಡಗಡ, ಹಿಂಭಾಗದಲ್ಲಿ ಎಂಜಿನ್ನಿನ ನಡುಕ. ಮೇಲೆ ಕೆಳಗೆ ಎರಡೂ ಕಡೆ ಕೊಠಡಿಗಳೇ ಇರುವ, ಹಡಗಿನ ನಡುಭಾಗದ, ಕೆಳ ಡೆಕ್ಕಿನ ಕೊಠಡಿ ಎಲ್ಲಕ್ಕಿಂತ ಒಳ್ಳೆಯದು. ‘ಗ್ಯಾರಂಟಿ’ ದರ ಅಗ್ಗ, ಆದರೆ ಅದರಲ್ಲಿ ಕೊಠಡಿಯ ಜಾಗ ಆರಿಸುವುದು ಅವರು, ನೀವಲ್ಲ.

ದರ ನೋಡುವಾಗ ಮೊದಲು ಕಾಣುವ ಸಂಖ್ಯೆಯನ್ನು ನಂಬಬೇಡಿ. ಅದು ಇಬ್ಬರು ಹಂಚಿಕೊಂಡಾಗ ತಲಾ ಬೀಳುವ ಮೊತ್ತ. ಅದಕ್ಕೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಸೇರಿಸಿ ಕೊನೆಯ ಪುಟದಲ್ಲಿ ಬರುವ ಒಟ್ಟು ಮೊತ್ತವನ್ನೇ ಹೋಲಿಸಿ. ಒಬ್ಬರೇ ಹೋದರೆ ಎರಡನೆಯವರ ದರದ ದೊಡ್ಡ ಪಾಲನ್ನೂ ನೀವೇ ಕೊಡಬೇಕಾಗಬಹುದು. ಕಂಪನಿಯ ನಿಯಮಗಳನ್ನೂ ಓದಿ: ಬಹುತೇಕ ಕ್ರೂಸ್‌ಗಳು 24 ವಾರ ತುಂಬಿದ ಗರ್ಭಿಣಿಯರನ್ನು, ಆರು ತಿಂಗಳು ತುಂಬದ ಕೂಸುಗಳನ್ನು ಹತ್ತಿಸಿಕೊಳ್ಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮಳೆಗಾಲದ ಉಬ್ಬರದಲ್ಲಿರುತ್ತದೆ. ಮೊದಲ ಸಲದವರಿಗೆ ನವೆಂಬರ್‌ನಿಂದ ಫೆಬ್ರವರಿ ಹೇಳಿ ಮಾಡಿಸಿದ ಕಾಲ.

ಮುಂಬೈ ಮುಟ್ಟುವುದು

ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹಿಡಿಯುವುದಾದರೆ ಬೆಳಗಿನ ಮೊದಲ ವಿಮಾನವೇ ಆಗಬೇಕು. ವಿಮಾನ ನಿಲ್ದಾಣದಿಂದ ಹಡಗು ಹತ್ತುವ ಟರ್ಮಿನಲ್ ಇರುವ ಬಲ್ಲಾರ್ಡ್ ಎಸ್ಟೇಟ್ 25 ಕಿ.ಮೀ. ಆಸುಪಾಸು, ಶುಕ್ರವಾರದ ಟ್ರಾಫಿಕ್ಕಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ರೈಲಿನಲ್ಲಿ ಬರುವವರು ಹಿಂದಿನ ದಿನವೇ ಮುಂಬೈ ಸೇರಿಬಿಡಿ. ಬೆಂಗಳೂರಿನಿಂದ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ ಮುಟ್ಟುವುದು ಮರುದಿನ ರಾತ್ರಿ, ಹಾಗಾಗಿ ಬುಧವಾರ ರಾತ್ರಿಯೇ ಹೊರಡಬೇಕು. ಸಿಎಸ್‌ಎಂಟಿಯಿಂದ ಬಂದರು ಟ್ಯಾಕ್ಸಿಗೆ ಹತ್ತು ನಿಮಿಷದ ದಾರಿ.

ಬಂದರಿನ ಗೇಟಿನಲ್ಲಿ ಸಿಐಎಸ್‌ಎಫ್‌ನವರು ಟಿಕೆಟ್ ಮತ್ತು ಗುರುತಿನ ಚೀಟಿ ನೋಡಿಯೇ ಬಿಡುವುದು. ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ ಬೋರ್ಡಿಂಗ್ ಪಾಸ್ ಕಾಗದದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ. ಗುರುತಿನ ಚೀಟಿ ಅಸಲಿಯೇ ಇರಲಿ, ಮಕ್ಕಳದ್ದೂ ಬೇಕು. ಟಿಕೆಟ್ಟಿನಲ್ಲಿರುವ ಹೆಸರು ಮತ್ತು ಚೀಟಿಯ ಹೆಸರು ಅಕ್ಷರಶಃ ಒಂದೇ ಇರಬೇಕು. ನಮ್ಮವರ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಮಾಮೂಲಿ. ಬುಕಿಂಗ್ ಮಾಡುವಾಗಲೇ ಸರಿಪಡಿಸಿಕೊಳ್ಳಿ.

ಎರಡು ಚೀಲದ ನಿಯಮ

ದೊಡ್ಡ ಚೀಲಕ್ಕೆ ಟ್ಯಾಗ್ ಕಟ್ಟಿ ಟರ್ಮಿನಲ್ಲಿನಲ್ಲೇ ಕೊಟ್ಟುಬಿಡುತ್ತೀರಿ. ಅದು ಸ್ಕ್ಯಾನ್ ಆಗಿ ಕೊಠಡಿಯ ಬಾಗಿಲಿಗೆ ಬರುವಷ್ಟರಲ್ಲಿ ರಾತ್ರಿ ಎಂಟಾದರೂ ಆಶ್ಚರ್ಯವಿಲ್ಲ. ಹಾಗಾಗಿ ಕೈಚೀಲದಲ್ಲಿ ಔಷಧಿ, ಚಾರ್ಜರ್, ಈಜುಡುಗೆ, ಒಂದು ಜೊತೆ ಬಟ್ಟೆ, ಗುರುತಿನ ಚೀಟಿ ಇರಲೇಬೇಕು. ಮಕ್ಕಳು ಈಜುಕೊಳದ ಎದುರು ನಿಂತು ಅಳುವುದು, ಈಜುಡುಗೆ ದೊಡ್ಡ ಚೀಲದಲ್ಲಿ ಸಿಕ್ಕಿಕೊಂಡಾಗ.

ಚೀಲ ಬರಲೇ ಇಲ್ಲವೆಂದರೆ ಕಳೆದಿದೆ ಎಂದುಕೊಳ್ಳಬೇಡಿ. ಬಹುಮಟ್ಟಿಗೆ ಸೆಕ್ಯುರಿಟಿಯವರು ತಡೆಹಿಡಿದಿರುತ್ತಾರೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಲೆಕ್ಟ್ರಿಕ್ ಕೆಟಲ್, ಊದುಬತ್ತಿ, ಮೇಣದಬತ್ತಿ, ಮದ್ಯ, ಡ್ರೋನ್ ಯಾವುದೂ ನಡೆಯುವುದಿಲ್ಲ. ಕಡಲ ನಡುವೆ ಅಗ್ನಿಶಾಮಕ ವಾಹನ ಬರಲಾರದು, ಬೆಂಕಿಗಿಂತ ದೊಡ್ಡ ಭಯ ಹಡಗಿನವರಿಗೆ ಇನ್ನೊಂದಿಲ್ಲ. ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ತಿನ ಹಠಾತ್ ಏರಿಕೆ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನೂ ಕಿತ್ತಿಟ್ಟುಕೊಳ್ಳುತ್ತಾರೆ. ಹಡಗಿನ ವೈರಿಂಗ್ ಮನೆಯದರಂತೆ ನೆಲಕ್ಕೆ ಅರ್ಥ್ ಆಗಿರುವುದಿಲ್ಲ. ಮನೆಯ ವೈರಿಂಗಿಗೆಂದು ಮಾಡಿದ ಪ್ರೊಟೆಕ್ಟರ್ ಅಲ್ಲಿ ತಾನೇ ಕಾದು ಹೊತ್ತಿಕೊಳ್ಳಬಹುದು. ಅದರ ಬದಲು ಎಲ್ಲ ಬಗೆಯ ಪಿನ್ ಹಿಡಿಯುವ ಒಂದು ಯೂನಿವರ್ಸಲ್ ಅಡಾಪ್ಟರ್, ಹಲವು ಯುಎಸ್‌ಬಿ ಇರುವ ಒಂದು ಚಾರ್ಜರ್ ಸಾಕು.

ಯಾರೂ ಹೇಳದ ಒಂದು ವಸ್ತು: ಅಯಸ್ಕಾಂತದ ಕೊಕ್ಕೆ. ಕೊಠಡಿಯ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ನಾಲ್ಕು ಕೊಕ್ಕೆ ಅಂಟಿಸಿದರೆ ಟವೆಲ್, ಟೋಪಿ, ಒದ್ದೆ ಬಟ್ಟೆಗಳೆಲ್ಲ ನೆಲ ಬಿಟ್ಟು ಮೇಲೇರುತ್ತವೆ, ಚಿಕ್ಕ ಕೊಠಡಿ ಒಮ್ಮೆಲೇ ದೊಡ್ಡದಾದ ಹಾಗೆ.

ಮೊದಲ ನಾಲ್ಕು ಗಂಟೆ

ಹತ್ತುವಾಗ ಕೊಡುವ ಕಾರ್ಡೇ ಬಾಗಿಲ ಕೀಲಿ, ಹಣದ ಚೀಲ ಮತ್ತು ಹತ್ತಿ ಇಳಿಯುವ ಪಾಸ್. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಆ ಕಾರ್ಡಿಗೆ ಎಷ್ಟು ಮಿತಿ ಎಂದು ಅಲ್ಲೇ ಹೇಳಿ. ಮಕ್ಕಳ ಕಾರ್ಡಿನಿಂದ ಖರ್ಚಾಗದಂತೆ ತಡೆ ಹಾಕಿಸಿ.

ಹತ್ತಿದವರೆಲ್ಲ ನೇರವಾಗಿ ಫುಡ್ ಕೋರ್ಟಿಗೆ ನುಗ್ಗುತ್ತಾರೆ. ನೀವು ಆ ಹೊತ್ತಿನಲ್ಲಿ ರಿಸೆಪ್ಷನ್ನಿಗೆ ಹೋಗಿ ರಾತ್ರಿಯ ಊಟದ ಸರದಿ ಮತ್ತು ಪ್ರದರ್ಶನದ ಸೀಟು ಗೊತ್ತು ಮಾಡಿಕೊಳ್ಳಿ. ಮೊದಲ ಸರದಿಯ ಊಟಕ್ಕೆ ತಡದ ಪ್ರದರ್ಶನ, ಎರಡನೆಯದಕ್ಕೆ ಮೊದಲಿನದು. ಎರಡೂ ಒಂದೇ ಹೊತ್ತಿಗೆ ಬಿದ್ದರೆ ಒಂದು ಹೋದಂತೆಯೇ. ಜೈನ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್ ಹೊತ್ತಿನಲ್ಲೇ ಹೇಳಿ, ಇಲ್ಲಿ ಇನ್ನೊಮ್ಮೆ ನೆನಪಿಸಿ. ಅಷ್ಟರಲ್ಲಿ ಬಫೆಯ ಸಾಲು ಅರ್ಧಕ್ಕೆ ಇಳಿದಿರುತ್ತದೆ. ಊಟಕ್ಕೆ ಮುಂಚೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಡಗುಗಳಲ್ಲಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು.

ಆಮೇಲೆ ಮಸ್ಟರ್ ಡ್ರಿಲ್, ಅಂದರೆ ತುರ್ತು ಹೊತ್ತಿನಲ್ಲಿ ಎಲ್ಲಿ ಸೇರಬೇಕು, ಏನು ಮಾಡಬೇಕು ಎಂಬ ಅಭ್ಯಾಸ. ಇದನ್ನು ತಪ್ಪಿಸಿಕೊಳ್ಳುವ ಜಾಣರಿರುತ್ತಾರೆ, ಅವರ ಹೆಸರು ಕೂಗಿ ಕರೆಸುತ್ತಾರೆ. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆ ಬಳಿಕ, 2015ರಿಂದ, ಹೊರಡುವ ಮುನ್ನ ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ನೀವು ನೆನಪಿಡಬೇಕಾದ್ದು ಇಷ್ಟೇ: ನೀವು ಸೇರಬೇಕಾದ ಜಾಗದ ಅಕ್ಷರ, ಅಲ್ಲಿಗೆ ಮೆಟ್ಟಿಲ ದಾರಿ (ಲಿಫ್ಟ್ ಹತ್ತಬಾರದು), ಲೈಫ್ ಜಾಕೆಟ್ ಮಂಚದ ಕೆಳಗಿದೆಯೋ ಕಪಾಟಿನಲ್ಲೋ. ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿಸಿದರೆ ಅದೇ ತುರ್ತು ಸೂಚನೆ. ಮಗುವಿಗೆ ಮಗುವಿನ ಅಳತೆಯ ಜಾಕೆಟ್ ಕೊಠಡಿಯಲ್ಲಿ ಇಲ್ಲದಿದ್ದರೆ ಆಗಲೇ ಕೇಳಿ ಪಡೆಯಿರಿ.

ಹಡಗು ಹೊರಡುವ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿ ಬಲಬದಿಗೆ ಜಾಗ ಹಿಡಿಯಿರಿ. ಬಂದರಿನಿಂದ ಹಡಗು ದಕ್ಷಿಣಕ್ಕೆ ಸಾಗುವುದರಿಂದ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲ್, ಕೊಲಾಬಾ, ಕೊನೆಯಲ್ಲಿ ಪ್ರಾಂಗ್ಸ್ ದೀಪಸ್ತಂಭ ಬಲಕ್ಕೇ ಬರುತ್ತವೆ. ಸೂರ್ಯ ಮುಳುಗುವುದೂ ಅದೇ ಕಡೆ. ಎಡಕ್ಕೆ ನಿಂತವರಿಗೆ ಎದುರು ದಂಡೆಯ ಉರಣ್ ಅಷ್ಟೆ.

ತಲೆಸುತ್ತು, ವಾಂತಿ

ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಹೊಟ್ಟೆ ತೊಳಸುವವರು ಇಲ್ಲೂ ಎಚ್ಚರವಾಗಿರಬೇಕು. ಕಣ್ಣಿಗೆ ಅಲುಗದ ಗೋಡೆ ಕಾಣುತ್ತದೆ, ಒಳಕಿವಿಗೆ ಅಲುಗಾಟ ತಿಳಿಯುತ್ತದೆ. ಈ ಎರಡರ ಜಗಳವೇ ಕಾಯಿಲೆ. ನಡುಭಾಗದ ಕೆಳ ಡೆಕ್ಕಿನ ಕೊಠಡಿ ಎಂದದ್ದು ಇದಕ್ಕೂ ಹೌದು: ಮೂತಿ ಮತ್ತು ಬಾಲ ಏರಿಳಿದರೂ ಅಲ್ಲಿ ಚಲನೆ ಕಡಿಮೆ.

ಅವೊಮಿನ್ ಅಥವಾ ಸ್ಟುಜೆರಾನ್ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಂಡರೆ ಮಾತ್ರ ಪ್ರಯೋಜನ. ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೇ ಹೊರಬರುತ್ತದೆ. ಎರಡೂ ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಬೇಡ. ಮಕ್ಕಳಿಗೆ, ಗರ್ಭಿಣಿಯರಿಗೆ, ಬೇರೆ ಔಷಧಿ ನುಂಗುವವರಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಹೊಟ್ಟೆ ಖಾಲಿ ಬಿಟ್ಟರೆ ಇನ್ನೂ ಕೆಟ್ಟದು. ಮೊಸರನ್ನ, ಒಣ ಬಿಸ್ಕತ್ತು, ಶುಂಠಿ ಒಳ್ಳೆಯದು. ಫೋನ್ ಕೆಳಗಿಟ್ಟು ಹೊರಗೆ ಬನ್ನಿ, ದಿಗಂತ ನೋಡಿ.

ಬಚ್ಚಲು, ಫೋನು

ಶೌಚಾಲಯ ಗಾಳಿಯ ಎಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಬಗೆಯದು. ಮುಚ್ಚಳ ಮುಚ್ಚಿ ಒತ್ತಿ, ಸದ್ದು ದೊಡ್ಡದು. ಟಾಯ್ಲೆಟ್ ಪೇಪರ್ ಬಿಟ್ಟು ಏನೇ ಹಾಕಿದರೂ, ಒಂದು ಪ್ಯಾಡ್ ಅಥವಾ ವೆಟ್ ವೈಪ್ ಸಾಕು, ಕೊಳವೆ ಕಟ್ಟಿಕೊಂಡು ಅಕ್ಕಪಕ್ಕದ ಕೊಠಡಿಗಳದೂ ನಿಲ್ಲುತ್ತದೆ. ಜೆಟ್ ಸ್ಪ್ರೇ ಇದ್ದೇ ಇರುತ್ತದೆ ಎಂದು ನಂಬಿ ಹೋಗಬೇಡಿ. ಒಂದು ಮಗ್ಗು ಚೀಲದಲ್ಲಿರಲಿ. ಬಚ್ಚಲ ಬಾಗಿಲಿನ ಹೊಸಿಲು ಎತ್ತರ, ರಾತ್ರಿ ಎಡವುವವರು ಬಹಳ.

ದಡ ಬಿಟ್ಟು ಸ್ವಲ್ಪ ಹೊತ್ತಿಗೆ ನಮ್ಮ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಫೋನ್ ತಾನಾಗಿಯೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಅಂತರರಾಷ್ಟ್ರೀಯ ರೋಮಿಂಗ್ ದರದಲ್ಲಿ ಬಿಲ್ ಬರುತ್ತದೆ. ಹೊರಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ವೈ-ಫೈ ಪ್ಯಾಕ್ ದುಬಾರಿ, ಎರಡು ದಿನಕ್ಕೆ ಬೇಕಿಲ್ಲ.

ಗೋವಾದಲ್ಲಿ ನಿಲ್ಲುವ ಪ್ರಯಾಣವಾದರೆ

ಕೆಲವು ಪ್ರಯಾಣಗಳು ಬರೀ ಕಡಲಲ್ಲಿ ಸುತ್ತಿ ಮರಳುತ್ತವೆ, ಕೆಲವು ಗೋವಾ ಮುಟ್ಟುತ್ತವೆ. ಮುಂಬೈಯಿಂದ ಸುಮಾರು 400 ಕಿ.ಮೀ.; 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ., ವೇಗದಲ್ಲಿ ಒಂದು ರಾತ್ರಿಯ ದಾರಿ. ಹಡಗು ಕಟ್ಟುವುದು ವಾಸ್ಕೋ ಪಕ್ಕದ ಮುರ್ಮುಗೋವಾ ಬಂದರಿನಲ್ಲಿ. ಬಾಗಾ, ಕಲಂಗುಟ್ ಅಲ್ಲಿಂದ 40 ಕಿ.ಮೀ. ಮೇಲೆ. ನಾಲ್ಕೈದು ಗಂಟೆಯ ಬಿಡುವಿನಲ್ಲಿ ಅಲ್ಲಿಗೆ ಹೋಗಿಬರುವುದೆಂದರೆ ಟ್ಯಾಕ್ಸಿಯಲ್ಲಿ ಕೂರುವುದೇ. ಹತ್ತಿರದ ಬೊಗ್ಮಾಲೊ ಕಡಲತೀರ, ದಾರಿಯಲ್ಲಿ ನೌಕಾ ವಿಮಾನ ಮ್ಯೂಸಿಯಂ (ಸೋಮವಾರ ರಜೆ) ನೋಡಿದರೆ ಸಮಾಧಾನವಾಗಿ ಮರಳಬಹುದು. ವಾಸ್ಕೋ, ಜುವಾರಿನಗರದ ಕಡೆ ಉತ್ತರ ಕರ್ನಾಟಕದವರು ಬಹಳ ಜನ ನೆಲೆಸಿದ್ದಾರೆ, ಬಾಡಿಗೆ ಚೌಕಾಸಿ ಕನ್ನಡದಲ್ಲೇ ಆದರೂ ಆದೀತು. ಮರಳಿ ಹತ್ತುವ ಕೊನೆಯ ಹೊತ್ತು ಹಡಗು ಹೊರಡುವುದಕ್ಕಿಂತ ಸುಮಾರು ಒಂದು ಗಂಟೆ ಮುಂಚೆ ಇರುತ್ತದೆ. ಸ್ವಂತವಾಗಿ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಕೊನೆಯ ರಾತ್ರಿ

ದೊಡ್ಡ ಚೀಲವನ್ನು ಮಲಗುವ ಮುನ್ನ ಬಾಗಿಲ ಹೊರಗಿಡಲು ಹೇಳುತ್ತಾರೆ. ಮರುದಿನದ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ ಮೊದಲೇ ತೆಗೆದಿಡಿ. ಪ್ರತಿ ಭಾನುವಾರ ಬೆಳಿಗ್ಗೆ ನೈಟಿ, ಬರ್ಮುಡಾದಲ್ಲೇ ಇಳಿಯುವ ಒಂದೆರಡು ಕುಟುಂಬ ಕಾಣಸಿಗುತ್ತವೆ. ಚೀಲ ನೀವೇ ಎಳೆದುಕೊಂಡು ಹೋಗಬಲ್ಲಿರಾದರೆ ಹೊರಗಿಡಲೇಬೇಡಿ; ಕನ್ವೇಯರಿನ ಮುಂದೆ ಕಾಯುವುದು ಉಳಿಯುತ್ತದೆ.

ಕಾರ್ಡಿನ ಬಿಲ್ಲನ್ನು ಆ ರಾತ್ರಿ ಹತ್ತರೊಳಗೆ ಟಿವಿಯಲ್ಲೋ ರಿಸೆಪ್ಷನ್ನಿನಲ್ಲೋ ನೋಡಿ. ನೀವು ಕುಡಿಯದ ಕಾಫಿ, ತೆಗೆದುಕೊಳ್ಳದ ಫೋಟೊ ಸೇರಿದ್ದರೆ ಆಗ ತೆಗೆಸುವುದು ಸುಲಭ. ಬೆಳಿಗ್ಗೆ ಅದೇ ಕೌಂಟರಿನಲ್ಲಿ ಸಾಲು ಮೆಟ್ಟಿಲವರೆಗೆ ಇರುತ್ತದೆ. ಕಾರ್ಡಿಗೆ ಮುಂಗಡ ತುಂಬಿದ್ದರೆ ಉಳಿದ ಹಣ ಯಾವಾಗ, ಯಾವ ಖಾತೆಗೆ ಮರಳುತ್ತದೆ ಎಂದೂ ಕೇಳಿ, ರಸೀದಿ ಪಡೆಯಿರಿ.

ಭಾನುವಾರದ ವಾಪಸಾತಿ ವಿಮಾನ ಮಧ್ಯಾಹ್ನ ಮೂರಕ್ಕಿಂತ ಮುಂಚೆ ಇಟ್ಟುಕೊಳ್ಳಬೇಡಿ. ಹಡಗಿಗೆ ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹತ್ತುವುದು ತಡವಾಗಬಹುದು, ಹಡಗು ಕಟ್ಟುವ ಜಾಗ ಖಾಲಿಯಾಗದೆ ಹೊರಗೇ ಕಾಯಬೇಕಾಗಬಹುದು, ಇಳಿಯುವ ಸಾಲೇ ಒಂದು ಗಂಟೆ ತಿನ್ನಬಹುದು.