ಮೇ ತಿಂಗಳ ಆಕಾಶ: ಸಪ್ತರ್ಷಿಯಿಂದ ತ್ರಿಶಂಕುವಿನವರೆಗೆ ದಾರಿ ಹಿಡಿಯುವುದು ಹೇಗೆ?

ನಕ್ಷತ್ರ ನೋಡಲು ಹೊರಟವರಲ್ಲಿ ಬಹಳಷ್ಟು ಜನ ಹೊರಗೆ ಬಂದ ಕೂಡಲೇ ಮೊಬೈಲನ್ನು ಆಕಾಶಕ್ಕೆ ಹಿಡಿದು, ಆ್ಯಪ್ ತೋರಿಸುವ ಚಿತ್ರಕ್ಕೂ ಮೇಲಿನ ಚುಕ್ಕೆಗಳಿಗೂ ತಾಳೆ ಹಾಕಲು ಹೋಗಿ, ಸ್ವಲ್ಪ ಹೊತ್ತಿಗೇ ಕೈಚೆಲ್ಲುತ್ತಾರೆ. ಮೇ ತಿಂಗಳಲ್ಲಿ ಆ್ಯಪ್‌ನ ಅಗತ್ಯವೇ ಇಲ್ಲ. ಸಪ್ತರ್ಷಿ ಮಂಡಲವೊಂದನ್ನು ಗುರುತಿಸಿದರೆ ಉಳಿದವುಗಳಿಗೆ ಅದೇ ದಾರಿ ತೋರಿಸುತ್ತದೆ.

ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನಗಳಲ್ಲಿ ಒಂದು ರಾತ್ರಿಯನ್ನು ಆರಿಸಿಕೊಳ್ಳಿ. ದಕ್ಷಿಣ ದಿಗಂತಕ್ಕೆ ಮರವಾಗಲಿ ಕಟ್ಟಡವಾಗಲಿ ಅಡ್ಡ ಬರದ ಜಾಗ ಬೇಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಒಮ್ಮೆ ಮೊಬೈಲ್ ಪರದೆಯನ್ನು ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಬೆಳಕು ಬೇಕೇ ಬೇಕೆನ್ನುವವರು ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಲಿ.

ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲವು ಮಗುಚಿಟ್ಟ ಸೌಟಿನಂತೆ, ಹಿಡಿ ಬಲಕ್ಕಿರುವಂತೆ ಕಾಣುತ್ತದೆ. ಎಡತುದಿಯ ಎರಡು ನಕ್ಷತ್ರಗಳಲ್ಲಿ ಮೇಲಿನ ಪುಲಹದಿಂದ ಕೆಳಗಿನ ಕ್ರತುವಿಗೆ ಗೆರೆ ಎಳೆದು, ಅದೇ ಅಂತರದ ಐದು ಪಟ್ಟು ಮುಂದೆ ಸಾಗಿದರೆ ಧ್ರುವ ಸಿಗುತ್ತದೆ. ಧ್ರುವವು ಆಕಾಶದ ಅತಿ ಪ್ರಕಾಶಮಾನ ನಕ್ಷತ್ರವೆಂಬ ನಂಬಿಕೆ ತಪ್ಪು. ಅದಕ್ಕಿಂತ ಹೊಳೆಯುವ ನಕ್ಷತ್ರಗಳು ಹತ್ತಾರಿವೆ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಸೌಟಿನ ಹಿಡಿ ನೇರವಾಗಿಲ್ಲ, ಬಾಗಿದೆ. ಆ ಬಾಗನ್ನು ಹಾಗೆಯೇ ಮುಂದುವರಿಸಬೇಕೇ ಹೊರತು ಕೊನೆಯ ಎರಡು ನಕ್ಷತ್ರಗಳಿಂದ ಸರಳರೇಖೆ ಎಳೆಯಬಾರದು. ನಿಂತುಕೊಂಡು ನೋಡುವವರು ಈ ಗೆರೆ ನೆತ್ತಿಯ ಹತ್ತಿರ ಬಂದಾಗ ಕತ್ತು ತಿರುಗಿಸಲು ಹೋಗಿ ದಿಕ್ಕು ತಪ್ಪುತ್ತಾರೆ. ಆದ್ದರಿಂದ ಚಾಪೆ ಹಾಸಿ, ಕಾಲನ್ನು ಪೂರ್ವಕ್ಕೆ ಚಾಚಿ ಅಂಗಾತ ಮಲಗುವುದೇ ಸರಿಯಾದ ಕ್ರಮ. ಆಗ ಸಪ್ತರ್ಷಿ ಎಡಗಡೆಗೂ ದಕ್ಷಿಣ ದಿಕ್ಕು ಬಲಗಡೆಗೂ ಬಂದು, ಇಡೀ ಕಮಾನು ಒಂದೇ ನೋಟಕ್ಕೆ ಸಿಗುತ್ತದೆ. ಅಳತೆಗೆ ನಿಮ್ಮ ಕೈಯೇ ಸಾಕು: ತೋಳನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಹಿಡಿಯ ತುದಿಯ ಮರೀಚಿಯಿಂದ ಮೂರು ಮುಷ್ಟಿ ದೂರದಲ್ಲಿ ಕಿತ್ತಳೆ ಛಾಯೆಯ ಸ್ವಾತಿಯಿದೆ. ಅಲ್ಲಿಂದ ಇನ್ನೂ ಮೂರು ಮುಷ್ಟಿಗಿಂತ ತುಸು ಮುಂದೆ ನೀಲಿ ಬಿಳುಪಿನ ಚಿತ್ತಾ ಇದೆ. ಸ್ವಾತಿ ನಮ್ಮಿಂದ 37 ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಚಿತ್ತಾ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಎರಡರ ಬಣ್ಣಗಳನ್ನು ಹೋಲಿಸಿ ನೋಡದೆ ಮುಂದಕ್ಕೆ ಹೋಗಬೇಡಿ.

ಈಗ ಎದ್ದು ದಕ್ಷಿಣಕ್ಕೆ ತಿರುಗಿ. ಚಿತ್ತಾದ ಬಲಕ್ಕೆ, ಒಂದೂವರೆ ಮುಷ್ಟಿ ದೂರದಲ್ಲಿ, ನಾಲ್ಕು ನಕ್ಷತ್ರಗಳ ಓರೆಯಾದ ಚೌಕವೇ ಹಸ್ತಾ. ಅದರಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿದರೆ ನಾಲ್ಕು ನಕ್ಷತ್ರಗಳ ಶಿಲುಬೆಯಂತಿರುವ ತ್ರಿಶಂಕು ಸಿಗುತ್ತದೆ. ಅದರ ನಾಲ್ಕೂ ನಕ್ಷತ್ರಗಳು ಕಾಣಬೇಕಾದರೆ ನೀವು 27 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ದಕ್ಷಿಣದಲ್ಲಿರಬೇಕು. ಇಲ್ಲೊಂದು ಮೋಸವಿದೆ: ತ್ರಿಶಂಕುವಿನ ಬಲಕ್ಕೆ, ಪಶ್ಚಿಮದ ಕಡೆಗೆ, ಅದೇ ಆಕಾರದ ಇನ್ನೊಂದು ಶಿಲುಬೆ ಕಾಣುತ್ತದೆ. ಅದು ನಿಜವಾದ ತ್ರಿಶಂಕುವಿಗಿಂತ ದೊಡ್ಡದು, ಹೊಳಪಿನಲ್ಲಿ ಮಂಕು. ಅನುಮಾನ ಬಂದಾಗ ಎಡಕ್ಕೆ ನೋಡಿ: ನಿಜವಾದ ತ್ರಿಶಂಕುವಿನ ಎಡಕ್ಕೆ ಎರಡು ಪ್ರಖರ ನಕ್ಷತ್ರಗಳು ಜೊತೆಯಾಗಿರುತ್ತವೆ. ಆ ಎರಡರಲ್ಲಿ ಹೆಚ್ಚು ಹೊಳೆಯುವುದೇ ಆಲ್ಫಾ ಸೆಂಟಾರಿ; ಕೇವಲ 4.4 ಜ್ಯೋತಿರ್ವರ್ಷ ದೂರದ ಅದು ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ವ್ಯವಸ್ಥೆಗೆ ಸೇರಿದ್ದು.

ಪೆಟ್ಟಿಗೆಯ ಮೇಲೆ ‘500 ಪಟ್ಟು ದೊಡ್ಡದಾಗಿ ಕಾಣುತ್ತದೆ’ ಎಂದು ಅಚ್ಚು ಹಾಕಿದ ಅಗ್ಗದ ದೂರದರ್ಶಕವನ್ನು ದಯವಿಟ್ಟು ಕೊಳ್ಳಬೇಡಿ. ಚಿಕ್ಕ ಮಸೂರಕ್ಕೆ ಅಷ್ಟು ವರ್ಧನೆಯನ್ನು ತಾಳುವ ಶಕ್ತಿಯಿಲ್ಲ, ಅದರ ಕಾಲು ಗಾಳಿಗೇ ನಡುಗುತ್ತದೆ, ಕೊನೆಗೆ ಕಾಣುವುದು ಅಲುಗಾಡುವ ಮಬ್ಬು ಮಾತ್ರ. ಅದರ ಬದಲು 7x50 ಅಥವಾ 10x50 ಬೈನಾಕ್ಯುಲರ್ (ಮೊದಲ ಅಂಕಿ ವರ್ಧನೆ, ಎರಡನೆಯದು ಮಿಲಿಮೀಟರ್‌ಗಳಲ್ಲಿ ಮಸೂರದ ಅಗಲ) ತೆಗೆದುಕೊಳ್ಳಿ. ಹತ್ತು ಗಂಟೆ ದಾಟುತ್ತಿದ್ದಂತೆ ಚಿತ್ತಾದಿಂದ ನೇರ ಕೆಳಕ್ಕೆ, ಮೂರೂವರೆ ಮುಷ್ಟಿಗಿಂತ ತುಸು ಹೆಚ್ಚು ಇಳಿಸಿ ಹಿಡಿದರೆ ಹತ್ತಿಯುಂಡೆಯಂಥ ಒಂದು ಮಸುಕು ಸಿಗುತ್ತದೆ. ಲಕ್ಷಾಂತರ ನಕ್ಷತ್ರಗಳು ಒತ್ತಾಗಿ ನೆರೆದ ಒಮೆಗಾ ಸೆಂಟಾರಿ ಗೋಳಗುಚ್ಛ ಅದು. ದೂರ ಸುಮಾರು 17,000 ಜ್ಯೋತಿರ್ವರ್ಷ. ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ದೃಷ್ಟಿ ಇಟ್ಟರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ, ಏಕೆಂದರೆ ಮಂದ ಬೆಳಕನ್ನು ಹಿಡಿಯುವ ಕೋಶಗಳು ರೆಟಿನಾದ ನಡುಭಾಗದಲ್ಲಿಲ್ಲ.

ಸಿಂಹ ರಾಶಿಯ ಮಘಾ, ಚಿತ್ತಾ ಹಾಗೂ ಆಗ್ನೇಯದಲ್ಲಿ ಮೇಲೇರುತ್ತಿರುವ ಕೆಂಪು ಜ್ಯೇಷ್ಠಾ, ಈ ಮೂರನ್ನು ಸೇರಿಸುವ ಗೆರೆಯ ಆಸುಪಾಸಿನಲ್ಲಿ ನಕ್ಷೆಯಲ್ಲಿಲ್ಲದ, ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕೆ ಕಂಡರೆ ಅದು ಗ್ರಹವೆಂದು ತಿಳಿಯಿರಿ.

ಮೇಲಿನ ಸಮಯಗಳೆಲ್ಲ ತಿಂಗಳ ನಡುಭಾಗಕ್ಕೆ ಹೊಂದುತ್ತವೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಬರುವುದರಿಂದ ಮೇ ಮೊದಲ ದಿನಗಳಲ್ಲಿ ಒಂದು ಗಂಟೆ ತಡವಾಗಿ, ಕೊನೆಯ ದಿನಗಳಲ್ಲಿ ಒಂದು ಗಂಟೆ ಮುಂಚೆ ನೋಡಬೇಕು.