ಬಳಪದ ಕಲ್ಲಿನ ಪೀಠದಲ್ಲಿ ಉಪರತ್ನಗಳ ಅಷ್ಟದಳ ಪದ್ಮ ಕೂರಿಸುವ ವಿಧಾನ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಕಲ್ಲಿನ ಕೆತ್ತನೆ ನಡೆದುಬಂದಿರುವುದರಿಂದ, ಕೋಲಾರದ ಕಡೆಯವರಿಗೆ ದೇವರ ಮನೆಗೆ ಬೇಕಾದ ಬಳಪದ ಕಲ್ಲಿನ ಪೀಠವನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಕಷ್ಟವೇನಲ್ಲ. ಅದರ ಮೇಲೆ ಬಣ್ಣದ ಕಲ್ಲುಗಳಿಂದ ಕಮಲವನ್ನು ಕೂರಿಸುವ ಕೆಲಸವನ್ನು ತಾಳ್ಮೆಯುಳ್ಳವರು ಮನೆಯಲ್ಲೇ ಮಾಡಬಹುದು. ಪೀಠ ಮಾಡಿಸುವಾಗ ಶಿಲ್ಪಿಗೆ ಒಂದು ಮಾತನ್ನು ಮೊದಲೇ ಹೇಳಿಡಬೇಕು: ಎಣ್ಣೆ ಸವರದೆ ಕೊಡಲಿ. ಎಣ್ಣೆ ಹೀರಿದ ಕಲ್ಲಿಗೆ ಅಂಟು ಹಿಡಿಯುವುದಿಲ್ಲ.

ಈ ಕಲೆಯ ದೊಡ್ಡ ಮಾದರಿಗಳು ಆಗ್ರಾದಲ್ಲಿವೆ. 1628ರಲ್ಲಿ ಮುಗಿದ ಇತ್ಮಾದ್-ಉದ್-ದೌಲಾ ಗೋರಿಯಲ್ಲಿಯೂ ಅನಂತರದ ತಾಜ್ ಮಹಲಿನಲ್ಲಿಯೂ ಅಮೃತಶಿಲೆಯಲ್ಲಿ ಗುಳಿ ತೋಡಿ, ಬಣ್ಣದ ಕಲ್ಲಿನ ತೆಳುವಾದ ಬಿಲ್ಲೆಗಳನ್ನು ಅದರೊಳಗೆ ಕೂರಿಸಿದ್ದಾರೆ. ಆದರೆ ಅಲ್ಲಿ ಕಂಡ ಕಲ್ಲುಗಳ ಪಟ್ಟಿಯನ್ನೇ ಹಿಡಿದು ಅಂಗಡಿಗೆ ಹೋಗುವುದು ಸರಿಯಲ್ಲ. ಗೋಡೆಯ ಹೂವಿಗೆ ಯಾರೂ ಅಭಿಷೇಕ ಮಾಡುವುದಿಲ್ಲ. ನಮ್ಮ ಪೀಠದ ಮೇಲೆ ಮೊಸರು ಬೀಳುತ್ತದೆ, ನಿಂಬೆರಸ ಬೀಳುತ್ತದೆ, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕುವವರೂ ಇರುತ್ತಾರೆ. ಆದ್ದರಿಂದ ಕಲ್ಲನ್ನು ಬಣ್ಣ ನೋಡಿ ಆರಿಸುವ ಮೊದಲು ಅದರ ಗಡಸುತನವನ್ನೂ ಹುಳಿಯನ್ನು ತಾಳುವ ಗುಣವನ್ನೂ ನೋಡಬೇಕು.

ಅಫ್ಘಾನಿಸ್ತಾನದ ಬದಕ್‌ಶಾನ್‌ನಿಂದ ಬರುವ ಕಡುನೀಲಿ ಲಾಪಿಸ್ ಲಾಜುಲಿಯ ಗಡಸುತನ, 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, 5ರಿಂದ 6ರೊಳಗೆ ಇರುತ್ತದೆ. ಹಸಿರು ಪಟ್ಟೆಗಳ ಮ್ಯಾಲಕೈಟ್ 4ನ್ನೂ ದಾಟುವುದಿಲ್ಲ. ಎರಡೂ ಹುಳಿಗೆ ಮಂಕಾಗುತ್ತವೆ. ಮ್ಯಾಲಕೈಟಿನಲ್ಲಿ ತಾಮ್ರವಿರುವುದರಿಂದ ಅದನ್ನು ಉಜ್ಜುವಾಗ ಏಳುವ ದೂಳೂ ವಿಷಕಾರಿ. ಪೂಜೆಯ ಪೀಠಕ್ಕೆ ಇವು ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಬೆಣಚುಕಲ್ಲಿನ ಬಳಗಕ್ಕೆ ಸೇರಿದ ಅಗೇಟ್, ಕಾರ್ನೇಲಿಯನ್, ಜಾಸ್ಪರ್, ಅವೆಂಚುರಿನ್‌ಗಳ ಗಡಸುತನ 6.5ರಿಂದ 7, ಅಡುಗೆಮನೆಯ ಯಾವ ಹುಳಿಯೂ ಇವನ್ನು ಕೆಡಿಸದು. ದಳಗಳಿಗೆ ಕೆಂಪು ಕಾರ್ನೇಲಿಯನ್, ನಡುವಿನ ಬಿಲ್ಲೆಗೆ ಹಳದಿ ಜಾಸ್ಪರ್, ಎಲೆಗಳಿಗೆ ಹಸಿರು ಅವೆಂಚುರಿನ್ ಸಾಕು. ಗುಜರಾತಿನ ಖಂಭಾತ್‌ನಲ್ಲಿ ಕಾರ್ನೇಲಿಯನ್ನನ್ನು ಕಾಯಿಸಿ ಕೆಂಪೇರಿಸುವುದು ಹಳೆಯ ಪದ್ಧತಿ. ಕಲ್ಲಿನಲ್ಲಿರುವ ಕಬ್ಬಿಣದಿಂದಲೇ ಬರುವ ಆ ಬಣ್ಣ ಮಾಸುವುದಿಲ್ಲವಾದ್ದರಿಂದ ಅದನ್ನು ಮೋಸವೆಂದು ತಿಳಿಯಬೇಕಾಗಿಲ್ಲ.

ಕೊಂಡ ಕಲ್ಲನ್ನು ಪರೀಕ್ಷಿಸದೆ ಕತ್ತರಿಸಬಾರದು. ಹಿಂಬದಿಯ ಮೂಲೆಯಲ್ಲಿ ಚಾಕುವಿನ ಮೊನೆಯಿಂದ ಗೀರಿ ನೋಡಿ. ಬೆಣಚಿನ ಬಳಗದ ಕಲ್ಲಿಗೆ ಗೀರು ಬೀಳದು, ಬದಲಿಗೆ ಅದೇ ಗಾಜನ್ನು ಗೀರುತ್ತದೆ. ಭೂತಗನ್ನಡಿಯಲ್ಲಿ ದುಂಡನೆಯ ಗುಳ್ಳೆಗಳು ಕಂಡರೆ ಅದು ಗಾಜು. ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ಹತ್ತಿಗೆ ಬಣ್ಣ ಹತ್ತಿದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆಂದೇ ಅರ್ಥ. ಕೋಲಾರದ ಚಿನ್ನದ ಗಣಿ ಪ್ರದೇಶದ ಸುತ್ತಲಿನ ಬಂಡೆಗಳಲ್ಲಿ ಕಬ್ಬಿಣ ಬೆರೆತ ಪಟ್ಟೆಪಟ್ಟೆಯ ಬೆಣಚುಕಲ್ಲು ಸಿಗುತ್ತದೆಂದು ಆಸೆಪಟ್ಟು, 2001ರಲ್ಲಿ ಮುಚ್ಚಿದ ಆ ಗಣಿಗಳ ಸೈನೈಡ್ ದಿಬ್ಬಗಳ ಬಳಿ ಕಲ್ಲು ಆರಿಸಲು ಹೋಗಲೇಬಾರದು.

ಕಮಲವನ್ನು ಕಾಗದದಲ್ಲಿ ಬರೆದು, ಪ್ರತಿ ದಳಕ್ಕೂ ಸಂಖ್ಯೆ ಹಾಕಿ, ಬೇರೆ ಬೇರೆಯಾಗಿ ಕತ್ತರಿಸಿಕೊಳ್ಳಿ. 3 ಮಿ.ಮೀ. ದಪ್ಪದ ಬಿಲ್ಲೆಯ ಮೇಲೆ ಈ ಕಾಗದವನ್ನು ಅಂಟಿಸಿ, ಡೈಮಂಡ್ ಬ್ಲೇಡಿನಲ್ಲಿ ನೀರು ಬಿಡುತ್ತಾ ಗೆರೆಯ ಹೊರಗೆ ಕತ್ತರಿಸಿ, ಉಳಿದದ್ದನ್ನು ಉಜ್ಜಿ ಗೆರೆಗೆ ತರಬೇಕು. ನೀರಿಲ್ಲದೆ ಒಂದು ಕ್ಷಣವೂ ಕತ್ತರಿಸಬೇಡಿ, ಎನ್-95 ಮಾಸ್ಕನ್ನು ತೆಗೆಯಬೇಡಿ. ಬೆಣಚಿನ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂಬುದನ್ನು ಸಿಲಿಕೋಸಿಸ್‌ನಿಂದ ನರಳಿದ ಗಣಿ ಕಾರ್ಮಿಕರ ಜಿಲ್ಲೆಯವರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ದಳದ ಮೇಲ್ಮೈಯನ್ನು ಕೂರಿಸುವ ಮೊದಲೇ ಹೊಳಪಿಗೆ ತರಬೇಕು. ಇಡೀ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬಳಪದ ಕಲ್ಲು ಉಗುರಿಗೂ ಗೀರುಬೀಳುವಷ್ಟು ಮೆದುವಾಗಿರುತ್ತದೆ. ಉಬ್ಬಿದ ದಳವನ್ನು ಕೂರಿಸಿದ ಮೇಲೆ ಉಜ್ಜಿ ಸಮ ಮಾಡಲು ಹೋದರೆ ದಳ ಕರಗುವ ಮೊದಲು ಅದರ ಸುತ್ತಲಿನ ಪೀಠವೇ ತಗ್ಗಾಗುತ್ತದೆ. ದಳವನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿಕೊಂಡು, ಗಾಜಿನ ಹಲಗೆಯ ಮೇಲೆ ಹಾಸಿದ 220, 400, 600, 1000ರ ವಾಟರ್ ಪೇಪರುಗಳಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಪೇಪರು ನಯ) ಕ್ರಮವಾಗಿ ಒದ್ದೆಯಾಗಿಯೇ ಉಜ್ಜಿ, ಕೊನೆಗೆ ಸೀರಿಯಂ ಆಕ್ಸೈಡ್ ಎಂಬ ಹೊಳಪಿನ ಪುಡಿ ಹಚ್ಚಿದ ಫೆಲ್ಟ್ ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ.

ಗುಳಿ ತೋಡುವಾಗ ದಳವನ್ನೇ ಪೀಠದ ಮೇಲಿಟ್ಟು ಸೂಜಿಮೊನೆಯಿಂದ ಸುತ್ತಲೂ ಗೆರೆ ಎಳೆದು, ಚೂಪಾದ ಸಣ್ಣ ಉಳಿಯಿಂದ, ಕಲ್ಲನ್ನು ಒದ್ದೆಯಾಗಿಟ್ಟುಕೊಂಡು, ನಡುವಿನಿಂದ ಅಂಚಿನ ಕಡೆಗೆ ಕೆರೆಯುತ್ತಾ ಬನ್ನಿ. ದಳ ಎಲ್ಲಿ ತಡೆಯುತ್ತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಅದರ ಅಂಚಿಗೆ ಒದ್ದೆ ಸೀಮೆಸುಣ್ಣದ ಪುಡಿ ಸವರಿ, ಗುಳಿಯೊಳಗೆ ಮೆಲ್ಲನೆ ಒತ್ತಿ ತೆಗೆದರೆ, ತಡೆಯುವ ಜಾಗದಲ್ಲಿ ಮಾತ್ರ ಬಿಳಿ ಗುರುತು ಬಿದ್ದಿರುತ್ತದೆ; ಅಷ್ಟನ್ನೇ ಕೆರೆದು ಮತ್ತೆ ಒತ್ತಿ ನೋಡಿ. ಮುಗಿದಾಗ ದಳ ಪೀಠದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮಾತ್ರ ಕೆಳಗಿರಬೇಕು, ಅಂಟು ಅದನ್ನು ಮಟ್ಟಕ್ಕೆ ಎತ್ತುತ್ತದೆ.

ಗುಳಿಯನ್ನು ತೊಳೆದು ಪೂರ್ತಿ ಒಣಗಿಸಿ, ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ ದಳ ಕೂರಿಸಿ, ಹೊರಬಂದ ಅಂಟನ್ನು ಕೂಡಲೇ ಒರೆಸಿ, ಒಂದು ದಿನ ಮುಟ್ಟದೆ ಬಿಡಿ. ಆಮೇಲೆ ಪೀಠಕ್ಕೆ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಬೂದುಬಣ್ಣದ ಕಲ್ಲು ಕಪ್ಪಾಗಿ ಕೆಂಪು ದಳಗಳು ಎದ್ದು ಕಾಣುತ್ತವೆ. ಉರಿಯುವ ದೀಪವನ್ನು ದಳಗಳ ಮೇಲೆ ನೇರವಾಗಿ ಇಡಬೇಡಿ. ಕಾವಿಗೆ ಎಪಾಕ್ಸಿ ಮೆತ್ತಗಾಗುತ್ತದೆ. ಅಂಥ ದಳ ಎಂದಾದರೂ ಅಲುಗಾಡತೊಡಗಿದರೆ ಅದನ್ನು ಹೊರತೆಗೆದು, ಹಳೆಯ ಅಂಟನ್ನು ಕೆರೆದು, ಗುಳಿಗಿಳಿದ ಎಣ್ಣೆಯ ಅಂಶವನ್ನು ಅಸಿಟೋನಿನಿಂದ ಒರೆಸಿ ಮತ್ತೆ ಕೂರಿಸಬಹುದು.