ಕಂಪನಿ ಬಾಗಿಲು ಹಾಕಿತು, ನಮ್ಮ ಆಟ ನಡೀತಾನೇ ಇತ್ತು

ಸರಸ್ವತಿಪುರಂನಲ್ಲಿ ನನ್ನದೊಂದು ಸೈಬರ್ ಸೆಂಟರ್ ಇತ್ತು. ಎಂಟು ಸಿಸ್ಟಂ, ಗಂಟೆಗೆ 15 ರೂಪಾಯಿ. ಹಗಲೆಲ್ಲ ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು. ಸಂಜೆ ಆರಾದರೆ ಬರೀ ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಯುದ್ಧದ ಆಟ. ಪಕ್ಕದ ಪಿಜಿ ಹುಡುಗರು ನಾಲ್ಕು ನಾಲ್ಕು ಜನರ ಎರಡು ತಂಡ ಮಾಡಿಕೊಂಡು ಕೂತರೆ ಏಳುವ ಮಾತೇ ಇಲ್ಲ. ಒಬ್ಬ ತಡ ಮಾಡಿದರೆ ಇನ್ನೊಬ್ಬ ಚಾಟ್‌ನಲ್ಲಿ 14 ಒತ್ತುತ್ತಿದ್ದ. ಬೇಗ ಆಟ ಶುರು ಮಾಡಿ ಅಂತ ಇಂಗ್ಲಿಷಿನಲ್ಲಿ ಗೊಣಗುವ ದನಿ ಎಂಟೂ ಸ್ಪೀಕರಿನಿಂದ ಬರುತ್ತಿತ್ತು. ಗೆದ್ದವರು 11 ಒತ್ತಿ ನಗುವ ದನಿ ಕೇಳಿಸುತ್ತಿದ್ದರು. ಸಿಡಿ ಒಂದು, ಸಿಸ್ಟಂ ಎಂಟು. ಅದರ ಲೆಕ್ಕ ಮಾತ್ರ ಕೇಳಬೇಡಿ.

ಒಂದು ದಿನ ಎರಡು ಹಳೆ ಸಿಸ್ಟಂ ತೆಗೆದು ವಿಂಡೋಸ್ 7 ಇರುವ ಹೊಸದು ಹಾಕಿದೆ. ಆಟ ತೆರೆದರೆ ಹುಲ್ಲೆಲ್ಲ ಕೆಂಪು! ಗದ್ದೆಗೆ ಕುಂಕುಮ ಚೆಲ್ಲಿದ ಹಾಗೆ. ಮಾನಿಟರ್ ಕೇಬಲ್ ಬದಲಾಯಿಸಿದೆ, ಹೋಗಲಿಲ್ಲ. ಅಂಗಡಿಯವನು ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಅಂತ ಹೊಸದು ಕೊಟ್ಟ, ದುಡ್ಡು ಇಸ್ಕೊಂಡ. ಹೊಸ ಕಾರ್ಡಿನಲ್ಲೂ ಅದೇ ಕೆಂಪು ಹುಲ್ಲು.

ಆಟ ಮಾಡಿದವರೇ ಏನಾದರೂ ಪ್ಯಾಚ್, ಅಂದರೆ ದೋಷ ತಿದ್ದುವ ಫೈಲ್, ಬಿಟ್ಟಿರಬಹುದು ಅಂತ ಹುಡುಕಿದಾಗಲೇ ಗೊತ್ತಾದದ್ದು, ಅವರೇ ಇಲ್ಲ ಅಂತ. ಅಮೆರಿಕದ ಡಲ್ಲಾಸ್ ಕಡೆಯ ಎನ್ಸೆಂಬಲ್ ಸ್ಟುಡಿಯೋಸ್. 2001ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತ್ತು. 2008ರ ಸೆಪ್ಟೆಂಬರಿನಲ್ಲಿ, ಕೈಯಲ್ಲಿರುವ ಹೇಲೋ ವಾರ್ಸ್ ಅನ್ನೋ ಆಟ ಮುಗಿದ ಮೇಲೆ ಮುಚ್ಚುತ್ತೇವೆ ಅಂತ ಹೇಳಿಬಿಟ್ಟರು. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಆ ಜನ ಕೂತು ಆಟ ಮುಗಿಸಿಕೊಟ್ಟರು ನೋಡಿ, ನನಗೆ ಅದೇ ಜಾಸ್ತಿ ಕಾಡಿದ್ದು. 2009ರ ಜನವರಿಯಲ್ಲಿ ಬಾಗಿಲು ಹಾಕಿದರು. ಆಟ ಅಂಗಡಿಗೆ ಬಂದದ್ದು ಅದಾದ ಮೇಲೆ. ಆ ಜನವರಿಯಲ್ಲೂ ನಮ್ಮಲ್ಲಿ ದಿನಾ ಸಂಜೆ ಎಂಟೂ ಸೀಟು ಫುಲ್ ಇತ್ತು, ಒಬ್ಬರಿಗೂ ಸುದ್ದಿ ಗೊತ್ತಿರಲಿಲ್ಲ.

ಕೆಂಪು ಹುಲ್ಲಿನ ಕಾರಣ ಕೊನೆಗೂ ಸಿಕ್ಕಿತು. ಆ ಆಟ ಓಡುವುದು 256 ಬಣ್ಣದಲ್ಲಿ. ಅದು ಇಟ್ಟುಕೊಂಡ ಬಣ್ಣಗಳ ಪಟ್ಟಿಗೆ ಹಿಂದಿರುವ ವಿಂಡೋಸ್ ಡೆಸ್ಕ್‌ಟಾಪ್ ಕೈ ಹಾಕಿ ಕೆಡಿಸುತ್ತದೆ. ಟಾಸ್ಕ್ ಮ್ಯಾನೇಜರಿಗೆ ಹೋಗಿ, ಆ ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ನಿಲ್ಲಿಸಿ ಆಟ ತೆರೆದರೆ ಹುಲ್ಲು ಹಸಿರು. ದಿನಾ ಯಾರು ಇದನ್ನೆಲ್ಲ ಮಾಡ್ತಾರೆ? ನೋಟ್‌ಪ್ಯಾಡಿನಲ್ಲಿ ಮೂರು ಸಾಲಿನ ಬ್ಯಾಚ್ ಫೈಲ್ ಬರೆದೆ: ಎಕ್ಸ್‌ಪ್ಲೋರರ್ ನಿಲ್ಲಿಸು, ಆಟ ತೆರೆ, ಆಟ ಮುಗಿದ ಮೇಲೆ ಎಕ್ಸ್‌ಪ್ಲೋರರ್ ಮತ್ತೆ ತೆರೆ. ಹುಡುಗರು ಅದಕ್ಕೆ "ಹುಲ್ಲಿನ ಐಕಾನ್" ಅಂತ ಹೆಸರಿಟ್ಟರು. ಸಿಡಿ ಗೀರು ಬೀಳುತ್ತಿತ್ತು, ಅದರದ್ದೂ ಒಂದು ಐಎಸ್‌ಒ ಕಾಪಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಸೈಬರ್ ಮುಚ್ಚಿದೆ, ಅದರ ಕಥೆ ಏನೂ ಇಲ್ಲ.

2022ರ ದಸರಾಕ್ಕೆ ಹಳೆ ಹುಡುಗರಲ್ಲಿ ನಾಲ್ಕು ಜನ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ಒಬ್ಬ ಹೇಳಿದ, "ಅಣ್ಣಾ, ಹೊಸದರಲ್ಲಿ ದ್ರಾವಿಡರು ಬಂದಿದ್ದಾರೆ, ಉರುಮಿ ಕತ್ತಿ ಬೀಸ್ತಾರೆ." ಗೊತ್ತು ಕಣೋ, ಆಟದ ಆ ಹೊಸ ರೂಪ, ಡೆಫಿನಿಟಿವ್ ಎಡಿಷನ್, ನಾನೂ ಕೊಂಡಿದ್ದೀನಿ ಅಂದೆ. ಈ ಆಟಕ್ಕೆ ಅಭಿಮಾನಿಗಳೇ ಸುಮ್ನೆ ಖುಷಿಗೆ ಮಾಡಿದ ಮಾಡ್, ಅಂದರೆ ಮೂಲ ಆಟಕ್ಕೆ ಹೊರಗಿನವರು ಸೇರಿಸಿದ ಭಾಗ, 2013ರಲ್ಲಿ ಅಧಿಕೃತ ಭಾಗವಾಯಿತು, ಈಗಿನ ಹೊಸ ನಾಗರಿಕತೆಗಳ ಕೆಲಸದಲ್ಲೂ ಅದೇ ಗುಂಪಿದೆ. ಆದರೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಎರಡು ತೀರಾ ಹಳೆಯವು, ಹೊಸ ಆಟ ಎಳೆಯಲ್ಲ. ಹಳೆ ಐಎಸ್‌ಒನೇ ಗತಿ.

ವಿಂಡೋಸ್ 10ರಲ್ಲಿ ಹಳೆ ಆಟವನ್ನು ಲ್ಯಾನ್‌ನಲ್ಲಿ, ಅಂದರೆ ಒಂದೇ ಕಡೆ ಸಿಸ್ಟಂಗಳನ್ನು ಜೋಡಿಸಿ, ಆಡುವವರಿಗೆ ಹೇಳಿಬಿಡ್ತೀನಿ. ವಿಂಡೋಸ್ ಫೀಚರ್ಸ್‌ನಲ್ಲಿ ಲೆಗಸಿ ಕಾಂಪೊನೆಂಟ್ಸ್ ಒಳಗೆ ಡೈರೆಕ್ಟ್‌ಪ್ಲೇ ಅಂತ ಇದೆ, ಹಳೆ ಆಟಗಳು ಒಂದಕ್ಕೊಂದು ಮಾತಾಡೋದು ಅದರಿಂದ, ಟಿಕ್ ಮಾಡಿ. ಆಟದ ಮುಂದುವರಿದ ಭಾಗ ಕಾಂಕರರ್ಸ್‌ಗೆ ಎಲ್ಲರದ್ದೂ 1.0ಸಿ ಪ್ಯಾಚ್ ಇರಲಿ, ಒಬ್ಬರದ್ದು ಬೇರೆ ಇದ್ದರೂ ಕೂಡಿ ಆಡೋಕಾಗಲ್ಲ. ಫೈರ್‌ವಾಲ್‌ನಲ್ಲಿ ಆಟಕ್ಕೆ ದಾರಿ ಬಿಡಿ, ಪೋರ್ಟ್ 47624 ಮತ್ತು 2300ರಿಂದ 2400. ಇಷ್ಟು ಮಾಡಿಯೂ ನಮಗೆ ಎರಡು ಗಂಟೆ ಒಬ್ಬರ ಆಟ ಇನ್ನೊಬ್ಬರಿಗೆ ಕಾಣಲಿಲ್ಲ. ತಪ್ಪು ವೈ-ಫೈದು. ಕೇಬಲ್ ಇದ್ದರೂ ಆಟ ವೈ-ಫೈ ಕಡೆ ಮುಖ ಮಾಡಿ ಕೂತಿತ್ತು. ಎಲ್ಲರ ವೈ-ಫೈ ಆಫ್ ಮಾಡಿಸಿ, ಅಟ್ಟದ ಮೇಲಿದ್ದ ಸೈಬರಿನ ಹಳೆ ನೆಟ್‌ವರ್ಕ್ ಸ್ವಿಚ್ ಇಳಿಸಿ ಧೂಳು ಊದಿ, ಐಪಿ ನಂಬರ್ ಕೈಯಾರೆ ಕೊಟ್ಟ ಮೇಲೆ ಪಟಪಟ ಅಂತ ಐದೂ ಹೆಸರು ಬಂದವು.

ಅವತ್ತು ಆಯುಧ ಪೂಜೆ. ಅಮ್ಮ ಸ್ಕೂಟರಿಗೆ ಹೂ ಏರಿಸಿ ಬಂದವರು, "ಇವಕ್ಕೂ ಇಡ್ಲೇನೋ?" ಅಂತ ಲ್ಯಾಪ್‌ಟಾಪ್ ಮುಚ್ಚಿಸಿ ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟರು. ಸ್ವಿಚ್ಚಿಗೂ ಒಂದು ಬೊಟ್ಟು. ಮುಚ್ಚಿದ್ದಕ್ಕೆ ಎಲ್ಲವೂ ನಿದ್ದೆಗೆ ಹೋಗಿ ಕನೆಕ್ಷನ್ ತಪ್ಪಿತು, ಮತ್ತೆ ಮೊದಲಿಂದ. ಆಟ ತೆರೆಯಬೇಕಾದವನು ನಾನು, ನನ್ನ ಕೈಯಲ್ಲಿ ಇನ್ನೂ ಪ್ರಸಾದ. ನಾಲ್ಕೂ ಕಡೆಯಿಂದ 14 ಕೇಳಿಸಿತು.